ಹಾಡುವ ತಟ್ಟೆ, ಕುಣಿಯುವ ಗೊಂಬೆ

ಧ್ವನಿಮುದ್ರಿತ ಸಂಗೀತಕ್ಕೆ ತಾನಾಗಿಯೇ ಕುಣಿಯುವ ಯಂತ್ರಗೊಂಬೆ ಆಟಿಕೆಗಳ ಕುಲದಲ್ಲಿ ಒಂದು ವಿಶೇಷ ಕವಲು. ಸೂತ್ರದ ಗೊಂಬೆಯಾಟದಲ್ಲಿ ಭಾಗವತರ ಹಾಡಿಗೂ ಗೊಂಬೆಯ ಹೆಜ್ಜೆಗೂ ನಡುವೆ ಒಬ್ಬ ಸೂತ್ರಧಾರ ಇರುತ್ತಾನೆ. ಅವನ ಕಿವಿ ತಾಳವನ್ನು ಹಿಡಿಯುತ್ತದೆ, ಬೆರಳು ಅದನ್ನು ದಾರಕ್ಕೆ ದಾಟಿಸುತ್ತದೆ. ಯಂತ್ರಗೊಂಬೆಯಲ್ಲಿ ಆ ಸೂತ್ರಧಾರನಿಲ್ಲ, ಹಾಡುವವರೂ ಎದುರಿಗಿಲ್ಲ. ಹಾಗಿದ್ದೂ ಹೆಜ್ಜೆ ತಾಳಕ್ಕೆ ಬೀಳಬೇಕಾದರೆ ಆ ತಾಳವನ್ನು ಮೊದಲೇ ಎಲ್ಲೋ ಬರೆದಿಟ್ಟಿರಬೇಕು. ಎಲ್ಲಿ ಬರೆದಿಟ್ಟರು, ಹೇಗೆ ಬರೆದಿಟ್ಟರು ಎಂಬುದೇ ಈ ಗೊಂಬೆಗಳ ಇತಿಹಾಸ. ಮೊದಲು ಉರುಳೆಯ ಮೇಲೆ ನೆಟ್ಟ ಮೊಳೆಗಳಲ್ಲಿ, ಬಳಿಕ ರಟ್ಟಿನ ತೂತುಗಳಲ್ಲಿ, ಗ್ರಾಮಫೋನಿನ ತಿರುಗುವ ತಟ್ಟೆಯಲ್ಲಿ, ಕ್ಯಾಸೆಟ್ಟಿನ ಟೇಪಿನಲ್ಲಿ, ಕೊನೆಗೆ ಚಿಪ್ಪಿನಲ್ಲಿ ಅದು ನೆಲೆ ಕಂಡಿತು. ಗೊಂಬೆ ಹಾಡನ್ನು ಕೇಳಿಸಿಕೊಂಡು ಕುಣಿಯತೊಡಗಿದ್ದು ತೀರ ಈಚೆಗೆ. ಅದಕ್ಕೆ ಹಿಂದಿನ ಶತಮಾನಗಳಲ್ಲಿ ಹಾಡೂ ಕುಣಿತವೂ ಒಂದೇ ಯಂತ್ರದ ಹೊಟ್ಟೆಯಲ್ಲಿ ಹುಟ್ಟಿದ ಅವಳಿಗಳಾಗಿದ್ದವು.

ಮೊಳೆ ನೆಟ್ಟ ಉರುಳೆ

ಎಡಿಸನ್ನನ ಫೋನೋಗ್ರಾಫಿಗಿಂತ ಸಾವಿರ ವರ್ಷ ಹಿಂದೆಯೇ ಸಂಗೀತವನ್ನು ಬರೆದಿಟ್ಟು ಮತ್ತೆ ನುಡಿಸುವ ಒಂದು ಉಪಾಯ ಜನರಿಗೆ ಗೊತ್ತಿತ್ತು. ಉರುಳೆಯೊಂದರ ಮೈಮೇಲೆ ಲೆಕ್ಕ ಹಾಕಿ ಮೊಳೆಗಳನ್ನು ನೆಡುವುದು, ಉರುಳೆ ತಿರುಗಿದಾಗ ಆ ಮೊಳೆಗಳು ಒಂದೊಂದಾಗಿ ಸನ್ನೆಕೋಲುಗಳನ್ನು ಎತ್ತುವಂತೆ ಮಾಡುವುದು, ಸನ್ನೆಕೋಲು ಕೊಳಲಿನ ತೂತನ್ನೋ ಗಂಟೆಯನ್ನೋ ನುಡಿಸುವುದು, ಇಷ್ಟೇ ಅದರ ತತ್ವ. ಮೊಳೆಗಳ ನಡುವಿನ ಅಂತರವೇ ಕಾಲ, ಮೊಳೆ ನಿಂತ ಸಾಲೇ ಸ್ವರ. 9ನೆಯ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ತಾನಾಗಿಯೇ ನುಡಿಯುವ ವಾದ್ಯವನ್ನು ಈ ಬಗೆಯಲ್ಲಿ ವಿವರಿಸಿದರು.

ಅದೇ ಉಪಾಯವನ್ನು ಗೊಂಬೆಗಳಿಗೆ ಹೊಂದಿಸಿ ವಿವರವಾಗಿ ಬರೆದವನು ಅಲ್-ಜಝರಿ. ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕ್ ಅರಸರ ಆಸ್ಥಾನದಲ್ಲಿದ್ದ ಈ ಯಂತ್ರಶಿಲ್ಪಿ 1206ರಲ್ಲಿ ಪೂರೈಸಿದ ಗ್ರಂಥದಲ್ಲಿ ಒಂದು ದೋಣಿಯ ವರ್ಣನೆಯಿದೆ. ಅರಮನೆಯ ಕೊಳದಲ್ಲಿ ತೇಲುವ ಆ ದೋಣಿಯಲ್ಲಿ ನಾಲ್ವರು ವಾದ್ಯಗಾರರ ಬೊಂಬೆಗಳು ಕುಳಿತಿರುತ್ತವೆ. ಸುರಿಯುವ ನೀರಿನ ಬಲದಿಂದ ಮೊಳೆಯುರುಳೆ ತಿರುಗುತ್ತದೆ. ಮೊಳೆಗಳು ಬೊಂಬೆಗಳ ಕೈಗಳನ್ನು ಎತ್ತಿ ಇಳಿಸುತ್ತವೆ, ಕೈ ಬಿದ್ದಾಗ ವಾದ್ಯ ನುಡಿಯುತ್ತದೆ. ಮೊಳೆಗಳ ಜಾಗ ಬದಲಾಯಿಸಿದರೆ ತಾಳವೂ ಬದಲಾಗುತ್ತದೆ.

18ನೆಯ ಶತಮಾನದ ಯುರೋಪಿನಲ್ಲಿ ಗಡಿಯಾರದ ಕಸುಬು ಪಳಗಿದಂತೆ ಈ ವಿದ್ಯೆ ನಯವಾಯಿತು. ಫ್ರಾನ್ಸಿನ ಜಾಕ್ ದ ವೋಕಾನ್‌ಸನ್ 1738ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ಕೊಳಲುಗಾರ ತಿದಿಗಳಿಂದ ಬಂದ ಗಾಳಿಯನ್ನು ತುಟಿಯಿಂದ ಊದಿ, ಬೆರಳಿನಿಂದ ತೂತು ಮುಚ್ಚಿ ತೆರೆದು 12 ಧಾಟಿಗಳನ್ನು ನುಡಿಸುತ್ತಿದ್ದ. ಸ್ವಿಟ್ಜರ್ಲೆಂಡಿನ ಪಿಯೇರ್ ಜಾಕೆ-ದ್ರೋ, ಅವನ ಮಗ ಆನ್ರಿ-ಲೂಯಿ ಮತ್ತು ಸಹಾಯಕ ಜಾನ್-ಫ್ರೆಡೆರಿಕ್ ಲೆಶೋ 1774ರಲ್ಲಿ ಜನರ ಮುಂದಿಟ್ಟ ವಾದಕಿಯದು ಇನ್ನೂ ಸೂಕ್ಷ್ಮ ಕೆಲಸ. ಆಕೆ ತನ್ನ ಬೆರಳುಗಳಿಂದಲೇ ಪುಟ್ಟ ಆರ್ಗನ್ನಿನ ಮನೆಗಳನ್ನು ಒತ್ತುತ್ತಾಳೆ. ನುಡಿಸುವಾಗ ಎದೆ ಉಸಿರಾಡುವಂತೆ ಏರಿಳಿಯುತ್ತದೆ, ಕಣ್ಣು ಬೆರಳುಗಳ ಹಿಂದೆ ಚಲಿಸುತ್ತದೆ, ನುಡಿಸಿ ಮುಗಿದ ಮೇಲೆ ತಲೆಬಾಗಿ ವಂದಿಸುತ್ತಾಳೆ. ಬೆರಳುಗಳನ್ನು ನಡೆಸುವುದು ಮೊಳೆಯುರುಳೆ, ತಲೆ ಕಣ್ಣು ಎದೆಗಳನ್ನು ನಡೆಸುವುದು ಅಂಚು ಏರಿಳಿತವಾಗಿ ಕೊರೆದ ಬಿಲ್ಲೆಗಳು. ಯಂತ್ರಶಾಸ್ತ್ರದಲ್ಲಿ ಕ್ಯಾಮ್ ಎನ್ನುವುದು ಇಂಥ ಬಿಲ್ಲೆಗೇ. ಎರಡೂ ಒಂದೇ ಯಂತ್ರದಲ್ಲಿ ಜೊತೆಯಾಗಿ ತಿರುಗುವುದರಿಂದ ನೋಟವೂ ನಾದವೂ ಬೇರ್ಪಡುವುದಿಲ್ಲ.

ಕರ್ನಾಟಕದ ನೆಲದಲ್ಲಿಯೂ ಇದೇ ಕಾಲಕ್ಕೆ ಸೇರಿದ ಒಂದು ಯಂತ್ರಗೊಂಬೆ ಇತ್ತು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಟಿಪ್ಪು ಸುಲ್ತಾನ ಇಟ್ಟುಕೊಂಡಿದ್ದ ಮರದ ಹುಲಿ ಐರೋಪ್ಯ ಉಡುಪಿನ ಮನುಷ್ಯನೊಬ್ಬನ ಮೇಲೆ ಎರಗಿ ನಿಂತಿದೆ. ಬದಿಯ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಊದಿ ಹುಲಿಯ ಗುಟುರೂ ಮನುಷ್ಯನ ನರಳಾಟವೂ ಕೇಳಿಬರುತ್ತವೆ. ಜೊತೆಗೆ ಆ ಮನುಷ್ಯನ ಕೈ ಮೇಲೆ ಏಳುತ್ತದೆ, ಕೆಳಗೆ ಬೀಳುತ್ತದೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ 18 ಸ್ವರಗಳ ಒಂದು ಪುಟ್ಟ ಆರ್ಗನ್ ಕಾಣುತ್ತದೆ. ಆರ್ಗನ್ನನ್ನು ಕೈಯಿಂದಲೇ ನುಡಿಸಬೇಕಾಗಿತ್ತು; ಉರುಳೆಯಲ್ಲಿ ಬರೆದ ಹಾಡು ಅದರಲ್ಲಿರಲಿಲ್ಲ. ಆದರೆ ಸದ್ದಿಗೂ ಚಲನೆಗೂ ಒಂದೇ ಹಿಡಿಕೆ ಮೂಲವೆಂಬ ತತ್ವ ಅದರಲ್ಲಿ ಸ್ಪಷ್ಟವಾಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಅದನ್ನು ಲಂಡನ್ನಿಗೆ ಸಾಗಿಸಿತು. ಈಗ ಅದು ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಅರಮನೆಯಿಂದ ಅಂಗಡಿಗೆ

ಜಾಕೆ-ದ್ರೋ ವಾದಕಿಯಂಥ ಗೊಂಬೆಗೆ ವರ್ಷಗಟ್ಟಲೆ ದುಡಿಮೆ ಬೇಕಿತ್ತು. ಅದನ್ನು ಕೊಳ್ಳುವ ಶಕ್ತಿ ರಾಜರಿಗೆ ಮಾತ್ರ ಇತ್ತು, ಉಳಿದವರು ಕಾಸು ಕೊಟ್ಟು ನೋಡಿ ಬರಬೇಕಿತ್ತು. ಈ ಸ್ಥಿತಿಯನ್ನು ಬದಲಿಸಿದ್ದು ಜಿನೀವಾದ ಗಡಿಯಾರಗಾರ ಆಂತ್ವಾನ್ ಫಾವ್ರ್ 1796ರಲ್ಲಿ ಮುಂದಿಟ್ಟ ಒಂದು ಸರಳ ಸಂಗತಿ. ಗಂಟೆ ಕೊಳಲುಗಳ ಬದಲಿಗೆ ಆತ ಶ್ರುತಿ ಮಾಡಿದ ಉಕ್ಕಿನ ಹಲ್ಲುಗಳನ್ನು ಬಳಸಿದ. ಉರುಳೆಯ ಸಣ್ಣ ಮೊಳೆಗಳು ಈ ಹಲ್ಲುಗಳನ್ನು ಮೀಟಿದರೆ ಸಾಕು, ಹಾಡು ಹೊಮ್ಮುತ್ತಿತ್ತು. ತಿದಿ ಬೇಡ, ಕೊಳವೆ ಬೇಡ. ಸಂಗೀತದ ಯಂತ್ರ ನಶ್ಯದ ಡಬ್ಬಿಯೊಳಗೆ ಅಡಗುವಷ್ಟು ಚಿಕ್ಕದಾಯಿತು. 19ನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಸೇಂತ್-ಕ್ರ್ವಾ ಊರು ಈ ಸಂಗೀತ ಪೆಟ್ಟಿಗೆಗಳ ಕೇಂದ್ರವಾಗಿ ಬೆಳೆಯಿತು.

ಪೆಟ್ಟಿಗೆ ಚಿಕ್ಕದಾದೊಡನೆ ಅದನ್ನು ಗೊಂಬೆಯ ಪೀಠದೊಳಗೆ ಇಡುವುದು ಸುಲಭವಾಯಿತು. 19ನೆಯ ಶತಮಾನದ ನಡುವಿನಿಂದ ಮೊದಲ ಮಹಾಯುದ್ಧದವರೆಗೆ ಪ್ಯಾರಿಸ್ಸಿನ ಮಾರೇ ಎಂಬ ಕೇರಿ ಇಂಥ ಗೊಂಬೆಗಳ ತವರಾಗಿತ್ತು. ಬೊಂತೆಮ್ಸ್ ಮನೆತನದವರು ಹಾಡುವ ಹಕ್ಕಿಗಳಿಗೆ ಹೆಸರಾದರೆ, ಗುಸ್ತಾವ್ ವಿಶಿ, ಲೆಯೋಪೋಲ್ಡ್ ಲಾಂಬೇರ್, ರೂಲೆ ಮತ್ತು ದೆಕಾಂ ಮುಂತಾದವರು ಬೀಸಣಿಗೆ ಬೀಸುವ ಹೆಂಗಸರು, ಮ್ಯಾಂಡೊಲಿನ್ ಮೀಟುವ ವಿದೂಷಕರು, ಸಿಗರೇಟು ಸೇದುವ ಸೊಗಸುಗಾರರ ಬೊಂಬೆಗಳನ್ನು ತಯಾರಿಸುತ್ತಿದ್ದರು. ಕೀಲಿ ಕೊಟ್ಟರೆ ಒಂದೇ ಸ್ಪ್ರಿಂಗು ಬಿಚ್ಚಿಕೊಳ್ಳುತ್ತ ಹಾಡನ್ನೂ ಅಂಗಾಂಗಗಳನ್ನೂ ನಡೆಸುತ್ತಿತ್ತು. ಈ ಗೊಂಬೆಗಳು ವಾದಕಿಯ ಹಾಗೆ ಸ್ವತಃ ವಾದ್ಯ ನುಡಿಸುವುದಿಲ್ಲ. ಮ್ಯಾಂಡೊಲಿನ್ನಿನ ಮೇಲೆ ಕೈ ಆಡುವುದು ಅಭಿನಯ, ನಾದ ಬರುವುದು ಪೀಠದಿಂದ. ಒಂದೊಂದು ಸ್ವರಕ್ಕೂ ಒಂದೊಂದು ಚಲನೆ ಹೊಂದಿಸುವ ಗೋಜಿಗೆ ತಯಾರಕರು ಬಹುಮಟ್ಟಿಗೆ ಹೋಗುತ್ತಿರಲಿಲ್ಲ. ಹಾಡಿನ ಓಟಕ್ಕೂ ಗೊಂಬೆಯ ಓಟಕ್ಕೂ ಒಂದೇ ಸ್ಪ್ರಿಂಗು ಇದ್ದುದರಿಂದ ನೋಡುವವರ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಿತ್ತು.

ಈ ಕಾಲದ ಅಭಿರುಚಿ ಭಾರತದ ಅರಮನೆಗಳನ್ನೂ ಮುಟ್ಟಿತು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ಫ್ರೆಂಚ್ ಸಂಗೀತ ಗಡಿಯಾರದಲ್ಲಿ ಗಂಟೆಗೊಮ್ಮೆ ಪುಟ್ಟ ಸೈನಿಕರ ಸಾಲು ಹೊರಟು ಕವಾಯತು ನಡೆಸುವಂತೆ ಏರ್ಪಾಡಿದೆ.

ಮೊಳೆಯುರುಳೆಗೆ ಒಂದು ಮಿತಿ ಇತ್ತು. ಒಂದು ಸುತ್ತು ಮುಗಿದರೆ ಹಾಡೂ ಮುಗಿಯುತ್ತಿತ್ತು, ಹೊಸ ಹಾಡು ಬೇಕೆಂದರೆ ಹೊಸ ಉರುಳೆಯನ್ನೇ ಮಾಡಿಸಬೇಕಿತ್ತು. ಜಾತ್ರೆ ಮೈದಾನಗಳಲ್ಲಿ ನುಡಿಯುವ ದೊಡ್ಡ ಆರ್ಗನ್ನುಗಳಿಗೆ ಇದು ತೊಡಕಾಗಿತ್ತು. ಪ್ಯಾರಿಸ್ಸಿನ ಗಾವಿಯೋಲಿ ಸಂಸ್ಥೆ 1892ರಲ್ಲಿ ಉರುಳೆಯ ಬದಲು ತೂತು ಕೊರೆದ ರಟ್ಟಿನ ಹಾಳೆಗಳನ್ನು ಪುಸ್ತಕದಂತೆ ಮಡಚಿ ಬಳಸುವ ಪದ್ಧತಿಗೆ ಪೇಟೆಂಟ್ ಪಡೆಯಿತು. ಆರ್ಗನ್ನಿನ ಮುಂಭಾಗದಲ್ಲಿ ಕೋಲು ಹಿಡಿದ ವಾದ್ಯಮೇಳದ ನಾಯಕನೂ ಗಂಟೆ ಬಾರಿಸುವ ಹೆಂಗಸರೂ ಬೊಂಬೆಗಳಾಗಿ ನಿಂತಿರುತ್ತಿದ್ದರು. ರಟ್ಟಿನಲ್ಲಿ ಸ್ವರಗಳ ಸಾಲುಗಳ ಪಕ್ಕದಲ್ಲೇ ಈ ಬೊಂಬೆಗಳಿಗೂ ಒಂದೊಂದು ಸಾಲು ಮೀಸಲಿಡುವ ರೂಢಿ ಬೆಳೆಯಿತು. ಹಾಡು ಬರೆಯುವವನೇ ಬೊಂಬೆ ಯಾವ ತಾಳಕ್ಕೆ ಕೈ ಎತ್ತಬೇಕೆಂಬುದನ್ನೂ ತೂತುಗಳಲ್ಲಿ ಬರೆದುಬಿಡುತ್ತಿದ್ದ. ಸಂಗೀತದ ಪಕ್ಕದಲ್ಲಿ ಚಲನೆಗೂ ಒಂದು ಪಟ್ಟಿ ಎಂಬ ಈ ಯೋಚನೆ ಏಳೆಂಟು ದಶಕಗಳ ನಂತರ ಟೇಪಿನಲ್ಲಿ ಮರಳಿ ಬರಲಿತ್ತು.

ಗೊಂಬೆಯ ಹೊಟ್ಟೆಯೊಳಗೆ ಧ್ವನಿ

1877ರಲ್ಲಿ ಥಾಮಸ್ ಎಡಿಸನ್ ಫೋನೋಗ್ರಾಫನ್ನು ಕಂಡುಹಿಡಿದಾಗ ಮನುಷ್ಯನ ದನಿಯನ್ನೇ ಹಿಡಿದಿಡುವುದು ಸಾಧ್ಯವಾಯಿತು. ಅದನ್ನು ಗೊಂಬೆಯೊಳಗೆ ಕೂಡಿಸುವ ಆಸೆಯೂ ಹಿಂದೆಯೇ ಬಂತು. 1890ರಲ್ಲಿ ಮಾರಾಟಕ್ಕೆ ಬಂದ ಎಡಿಸನ್ ಗೊಂಬೆಯ ತಗಡಿನ ಮೈಯೊಳಗೆ ಸಣ್ಣ ಮೇಣದ ಉರುಳೆಯ ಫೋನೋಗ್ರಾಫ್ ಇತ್ತು. ಬೆನ್ನಿನ ಹಿಡಿಕೆ ತಿರುಗಿಸಿದರೆ ಶಿಶುಗೀತೆಯೊಂದು ಕೇಳಿಸುತ್ತಿತ್ತು. ಒಂದು ಮುದ್ರಣದಿಂದ ಹಲವು ಪ್ರತಿ ತೆಗೆಯುವ ಉಪಾಯ ಆಗ ಕೈಗೂಡಿರಲಿಲ್ಲವಾದ್ದರಿಂದ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ಒಂದೊಂದು ಗೊಂಬೆಗೂ ಬೇರೆ ಬೇರೆಯಾಗಿ ಹಾಡನ್ನು ಒಪ್ಪಿಸಬೇಕಾಗಿತ್ತು. ಮೇಣ ಬೇಗ ಸವೆಯುತ್ತಿತ್ತು. ಹಿಡಿಕೆಯನ್ನು ಒಂದೇ ಹದದಲ್ಲಿ ತಿರುಗಿಸಲು ಮಕ್ಕಳಿಗೆ ಆಗುತ್ತಿರಲಿಲ್ಲ, ದನಿ ಕೀರಲಾಗುತ್ತಿತ್ತು. ಕೆಲವೇ ವಾರಗಳಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು.

ತಟ್ಟೆಯ ಆಕಾರದ ಧ್ವನಿಮುದ್ರಿಕೆಯ ಕಥೆಯಲ್ಲಿಯೂ ಗೊಂಬೆಯ ಕಾರ್ಖಾನೆ ಬರುತ್ತದೆ. ಎಮಿಲ್ ಬರ್ಲಿನರ್ 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದ. ಅದು ಮೊದಲು ಮಾರಾಟದ ಸರಕಾದದ್ದು ಜರ್ಮನಿಯ ತುರಿಂಗಿಯಾ ಸೀಮೆಯ ವಾಲ್ಟರ್ಸ್‌ಹೌಸನ್ ಊರಿನ ಕೆಮ್ಮರ್ ಮತ್ತು ರೈನ್‌ಹಾರ್ಟ್ ಎಂಬ ಗೊಂಬೆ ತಯಾರಕರ ಮೂಲಕ, ಕೈಯಿಂದ ತಿರುಗಿಸುವ ಆಟಿಕೆಯಾಗಿ. ಅದರ ತಟ್ಟೆಗಳು ಅಂಗೈಯಗಲದವು, ಸುಮಾರು 5 ಇಂಚಿನವು. ಮುಂದೆ ಜಗತ್ತಿನ ಮನೆಮನೆಗೂ ಸಂಗೀತ ಮುಟ್ಟಿಸಿದ ಯಂತ್ರ ಮಕ್ಕಳ ಆಟದ ಸಾಮಾನಾಗಿ ಜೀವನ ಆರಂಭಿಸಿತು.

ತಟ್ಟೆಯ ಮೇಲಿನ ಕುಣಿತ

ಫೋನೋಗ್ರಾಫನ್ನು ಗೊಂಬೆಯೊಳಗೆ ತುರುಕುವ ಯತ್ನ ಸೋತಿತು, ಗೊಂಬೆಯನ್ನು ಗ್ರಾಮಫೋನಿನ ಮೇಲೆ ನಿಲ್ಲಿಸುವ ಯತ್ನ ಗೆದ್ದಿತು. ಇದಕ್ಕೆ ಜನಪದದಲ್ಲಿ ಹಳೆಯ ಬೇರಿತ್ತು. ಯುರೋಪಿನ ಬೀದಿ ವಾದ್ಯಗಾರರು ಗೊಂಬೆಯ ಎದೆಯಲ್ಲಿ ದಾರ ಪೋಣಿಸಿ, ಅದರ ಒಂದು ತುದಿಯನ್ನು ಹಲಗೆಯ ಗೂಟಕ್ಕೂ ಇನ್ನೊಂದನ್ನು ತಮ್ಮ ಮೊಣಕಾಲಿಗೂ ಕಟ್ಟಿಕೊಳ್ಳುತ್ತಿದ್ದರು. ತಾಳಕ್ಕೆ ಕಾಲು ಆಡಿದಂತೆ ಗೊಂಬೆ ಹಲಗೆಯ ಮೇಲೆ ಕುಣಿಯುತ್ತಿತ್ತು. ವಿಲಿಯಂ ಹೋಗಾರ್ತ್ 1733ರಲ್ಲಿ ಬಿಡಿಸಿದ ಲಂಡನ್ನಿನ ಸದರ್ಕ್ ಜಾತ್ರೆಯ ಚಿತ್ರದಲ್ಲಿ ಈ ಆಟ ಕಾಣುತ್ತದೆ. ಬ್ರಿಟನ್ನಿನಲ್ಲಿಯೂ ಅಮೆರಿಕದ ಅಪಲೇಶಿಯನ್ ಬೆಟ್ಟಸೀಮೆಯಲ್ಲಿಯೂ ಇದರ ಇನ್ನೊಂದು ರೂಪ ಬಳಕೆಯಲ್ಲಿತ್ತು. ಕೈಕಾಲುಗಳಿಗೆ ಸಡಿಲ ಕೀಲುಗಳಿರುವ ಮರದ ಗೊಂಬೆಯನ್ನು ಕಡ್ಡಿಯ ತುದಿಯಲ್ಲಿ ಹಿಡಿದು, ಕೆಳಗಿನ ತೆಳು ಹಲಗೆಯನ್ನು ಬೆರಳಿನಿಂದ ತಟ್ಟುತ್ತಿದ್ದರು. ಹಲಗೆ ಪುಟಿದಾಗ ಗೊಂಬೆಯ ಪಾದಗಳು ಅದರ ಮೇಲೆ ಟಕಟಕನೆ ಹೆಜ್ಜೆ ಹಾಕುತ್ತಿದ್ದವು.

ಗ್ರಾಮಫೋನ್ ಗೊಂಬೆ ಈ ಮರದ ಗೊಂಬೆಯ ನೇರ ವಂಶಜ. ತಟ್ಟುವ ಬೆರಳಿನ ಕೆಲಸವನ್ನು ಇಲ್ಲಿ ತಿರುಗುವ ತಟ್ಟೆ ವಹಿಸಿಕೊಂಡಿತು. ತಟ್ಟೆಯ ನಡುವಿನ ಕಡ್ಡಿಗೆ ಸಿಕ್ಕಿಸುವ ಒಂದು ಸಣ್ಣ ಸಲಕರಣೆ, ಅದರ ತಿರುಗಾಟವನ್ನು ಕುಲುಕಾಟವಾಗಿ ಬದಲಿಸುವ ಏರುತಗ್ಗಿನ ಬಿಲ್ಲೆ ಅಥವಾ ಸನ್ನೆಕೋಲು, ಅದಕ್ಕೆ ತಾಗಿಕೊಂಡ ಸಡಿಲ ಕೀಲುಗಳ ಗೊಂಬೆ, ಇಷ್ಟರಿಂದಲೇ ಆಟಿಕೆ ಸಿದ್ಧ. ಅದಕ್ಕೆ ಬೇರೆ ಸ್ಪ್ರಿಂಗು ಬೇಕಿಲ್ಲ, ಬೇರೆ ಕೀಲಿ ಬೇಕಿಲ್ಲ. ಗ್ರಾಮಫೋನಿಗೆ ಕೊಟ್ಟ ಕೀಲಿಯೇ ಗೊಂಬೆಯನ್ನೂ ಕುಣಿಸುತ್ತಿತ್ತು.

ಅಮೆರಿಕದ ಬಾಸ್ಟನ್ನಿನ ನ್ಯಾಷನಲ್ ಕಂಪನಿ 1915ರ ಸುಮಾರಿಗೆ ಇಂಥ ಗೊಂಬೆಗಳ ಒಂದು ಸರಣಿಯನ್ನೇ ಹೊರತಂದಿತು. ‘ರ‍್ಯಾಗ್‌ಟೈಮ್ ರಾಸ್ಟಸ್’ ಎಂಬ ಒಂಟಿ ನರ್ತಕ, ಎದುರುಬದುರಾಗಿ ಗುದ್ದಾಡುವ ಇಬ್ಬರು ಮುಷ್ಟಿಮಲ್ಲರು ಅವುಗಳಲ್ಲಿ ಹೆಸರಾದವು. 1916ರಲ್ಲಿ ಅಮೆರಿಕದ ಸೇನೆ ಮೆಕ್ಸಿಕೋದ ಪಾಂಚೋ ವಿಲ್ಲಾನ ಬೆನ್ನು ಹತ್ತಿದ್ದಾಗ ಅಂಕಲ್ ಸ್ಯಾಮ್ ಮತ್ತು ವಿಲ್ಲಾನ ಜೋಡಿಯೂ ತಟ್ಟೆಯ ಮೇಲೆ ಏರಿತು. 1920ರ ದಶಕದ ಆರಂಭದಲ್ಲಿ ಮ್ಯಾಸಚೂಸೆಟ್ಸಿನ ವಿಂಚೆಂಡನ್ ಊರಿನ ಮಾರ್ಟನ್ ಕಾನ್‌ವರ್ಸ್ ಮತ್ತು ಮಗನ ಕಾರ್ಖಾನೆ ‘ಸಯಾಮ್ ಸೂ’ ಎಂಬ ನರ್ತಕಿಯನ್ನು ತಯಾರಿಸಿತು. ಸಯಾಮಿನ ನಾಟ್ಯದ ಉಡುಪಿನಂಥ ಉಡುಪು ತೊಟ್ಟ ಆಕೆ ಹಾಡು ನಡೆದಂತೆ ಸೊಂಟ ತೋಳುಗಳನ್ನು ಬಳುಕಿಸುತ್ತಿದ್ದಳು. ಮರದ ಆಟಿಕೆಗಳಿಗೆ ಹೆಸರಾಗಿದ್ದ ವಿಂಚೆಂಡನ್ನನ್ನು ಜನ ಆಟಿಕೆಯೂರು ಎಂದೇ ಕರೆಯುತ್ತಿದ್ದರು.

ಈ ಗೊಂಬೆಗಳ ತಾಳಜ್ಞಾನದ ಗುಟ್ಟು ಲೆಕ್ಕದಲ್ಲಿದೆ. ಅಂದಿನ ತಟ್ಟೆಗಳು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿದ್ದವು. ಬಿಲ್ಲೆಯಲ್ಲಿ ಎರಡು ಉಬ್ಬುಗಳಿದ್ದರೆ ಗೊಂಬೆ ನಿಮಿಷಕ್ಕೆ 156 ಬಾರಿ ಜಿಗಿಯುತ್ತದೆ. ಮೂರು ನಿಮಿಷದ ಹಾಡೊಂದು ಮುಗಿಯುವುದರೊಳಗೆ ತಟ್ಟೆ ಸುಮಾರು 230 ಸುತ್ತು ಹಾಕಿರುತ್ತದೆ. ಹಾಡು ವಿಳಂಬದಲ್ಲಿರಲಿ ದ್ರುತದಲ್ಲಿರಲಿ, ಈ ಎಣಿಕೆ ಬದಲಾಗುವುದಿಲ್ಲ. ಅಂದರೆ ಗೊಂಬೆ ಕುಣಿಯುತ್ತಿದ್ದುದು ಹಾಡಿನ ತಾಳಕ್ಕಲ್ಲ, ತಟ್ಟೆಯ ಸುತ್ತಿಗೆ. ಆದರೂ ಅದು ತಾಳ ತಪ್ಪಿದಂತೆ ಕಾಣುತ್ತಿರಲಿಲ್ಲ. ರ‍್ಯಾಗ್‌ಟೈಮ್‌ನಂಥ ಚುರುಕು ಸಂಗೀತದ ನಡೆಗೆ ಆ ವೇಗ ಹತ್ತಿರದ್ದು ಎಂಬುದು ಒಂದು ಕಾರಣ. ಸಡಿಲ ಕೀಲುಗಳಿಂದ ಕೈಕಾಲುಗಳು ಪ್ರತಿ ಜಿಗಿತಕ್ಕೂ ಬೇರೆ ಬೇರೆ ರೀತಿಯಲ್ಲಿ ತೂಗಾಡುತ್ತಿದ್ದುದು ಇನ್ನೊಂದು ಕಾರಣ. ಕಿವಿಯಲ್ಲಿ ತಾಳ ತುಂಬಿರುವಾಗ ಕಣ್ಣು ಆ ತೂಗಾಟದಲ್ಲಿ ತನಗೆ ಬೇಕಾದ ಹೆಜ್ಜೆಯನ್ನು ಆರಿಸಿಕೊಳ್ಳುತ್ತದೆ.

ಒಂದು ಗಳಿಗೆಯಲ್ಲಿ ಮಾತ್ರ ಹಾಡೂ ಕುಣಿತವೂ ನಿಜವಾಗಿ ಒಂದಾಗುತ್ತಿದ್ದವು. ಸ್ಪ್ರಿಂಗು ಸಡಿಲಾಗಿ ತಟ್ಟೆ ನಿಧಾನಗೊಂಡರೆ ಗಾಯಕರ ದನಿ ಇಳಿಯುತ್ತ ಹೋಗುತ್ತಿತ್ತು, ಅದರ ಜೊತೆಗೇ ಗೊಂಬೆಯ ಕಾಲೂ ಸೋಲುತ್ತಿತ್ತು. ಮತ್ತೆ ಕೀಲಿ ಕೊಟ್ಟಾಗ ಇಬ್ಬರೂ ಒಟ್ಟಿಗೇ ಚೇತರಿಸಿಕೊಳ್ಳುತ್ತಿದ್ದರು.

ಈ ಆಟಿಕೆಗಳ ಇತಿಹಾಸದಲ್ಲಿ ನೋವಿನ ಮಾತೊಂದನ್ನು ಬಿಡುವಂತಿಲ್ಲ. ರ‍್ಯಾಗ್‌ಟೈಮ್ ಸಂಗೀತವನ್ನು ಕಟ್ಟಿ ಬೆಳೆಸಿದವರು ಸ್ಕಾಟ್ ಜಾಪ್ಲಿನ್‌ನಂಥ ಕರಿಯ ಸಂಗೀತಗಾರರು. ಅದೇ ಸಂಗೀತಕ್ಕೆ ಕುಣಿಯಲು ಮಾಡಿದ ಗೊಂಬೆ ಮಾತ್ರ ಅವರ ಜನಾಂಗದ ಅಣಕವಾಗಿತ್ತು. ರಾಸ್ಟಸ್ ಎಂಬುದು ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ನಾಟಕಗಳಿಂದ ಬಂದ ಹೀಯಾಳಿಕೆಯ ಹೆಸರು. ಅಮೆರಿಕದ ಕೀಲಿ ಗೊಂಬೆಗಳಲ್ಲಿ 19ನೆಯ ಶತಮಾನದಿಂದಲೇ ಈ ಚಾಳಿ ಬೇರೂರಿತ್ತು. ಸಯಾಮ್ ಸೂ ಕೂಡ ಪೂರ್ವದೇಶದ ನಾಟ್ಯವನ್ನು ದೂರದಿಂದ ಊಹಿಸಿಕೊಂಡವರ ಕಲ್ಪನೆಯೇ. ಯಂತ್ರದ ಚಾತುರ್ಯವನ್ನು ಮೆಚ್ಚುವಾಗ ಅದು ಯಾರನ್ನು ನಗೆಗೀಡು ಮಾಡಿತೆಂಬುದನ್ನೂ ನೆನಪಿಡಬೇಕು.

ಕುಣಿತವನ್ನೂ ಮುದ್ರಿಸುವ ಯತ್ನ

ಗ್ರಾಮಫೋನ್ ಗೊಂಬೆಯಲ್ಲಿ ಸಂಗೀತ ಒಬ್ಬ ನಿಜವಾದ ಕಲಾವಿದನದು, ಕುಣಿತ ಮಾತ್ರ ಯಾರದೂ ಅಲ್ಲ. ಮನುಷ್ಯನೊಬ್ಬನ ಕುಣಿತವನ್ನೇ ಹಿಡಿದು ಗೊಂಬೆಯಲ್ಲಿ ಇಳಿಸುವ ಪ್ರಯೋಗ 1951ರಲ್ಲಿ ಕ್ಯಾಲಿಫೋರ್ನಿಯಾದ ವಾಲ್ಟ್ ಡಿಸ್ನಿ ಸ್ಟುಡಿಯೋದಲ್ಲಿ ನಡೆಯಿತು. ನಟ, ನರ್ತಕ ಬಡ್ಡಿ ಎಬ್ಸನ್ ಚೌಕಗಳ ಗೆರೆ ಎಳೆದ ಪರದೆಯ ಮುಂದೆ ಕುಣಿದ. ಆ ಚಿತ್ರಸುರುಳಿಯನ್ನು ನೋಡಿ ಕೈ, ಕಾಲು, ಸೊಂಟ ಯಾವ ಕ್ಷಣದಲ್ಲಿ ಯಾವ ಚೌಕದಲ್ಲಿವೆ ಎಂದು ಗುರುತಿಸಿದರು. ಆ ಗುರುತಿನಂತೆ ಬಿಲ್ಲೆಗಳನ್ನು ಕೊರೆದು ಸುಮಾರು 9 ಇಂಚು ಎತ್ತರದ ಮನುಷ್ಯಗೊಂಬೆಯನ್ನು ಕುಣಿಸಿದರು. ಒಂದು ಪುಟ್ಟ ಗೊಂಬೆಗೆ ಮೇಜಿನಷ್ಟು ಯಂತ್ರ ಬೇಕಾಯಿತು. ಆದರೆ ಹಾಡಿನ ಹಾಗೆ ಹೆಜ್ಜೆಯನ್ನೂ ಮುದ್ರಿಸಿಡಬಹುದೆಂಬುದು ಅದರಿಂದ ಸಾಬೀತಾಯಿತು.

ಬಿಲ್ಲೆಗಳ ಭಾರದಿಂದ ಈ ಕಲೆಯನ್ನು ಬಿಡಿಸಿದ್ದು ಮ್ಯಾಗ್ನೆಟಿಕ್ ಟೇಪು. 1963ರ ಜೂನ್ 23ರಂದು ಡಿಸ್ನಿಲ್ಯಾಂಡಿನಲ್ಲಿ ತೆರೆದ ‘ಎನ್‌ಚಾಂಟೆಡ್ ಟಿಕಿ ರೂಮ್’ನಲ್ಲಿ ನೂರಾರು ಹಕ್ಕಿ ಹೂಗಳು ಹಾಡಿಗೆ ಕೊಕ್ಕು ದಳ ಆಡಿಸುತ್ತವೆ. ಟೇಪಿನ ಕೆಲವು ಪಟ್ಟಿಗಳಲ್ಲಿ ಹಾಡು, ಇನ್ನು ಕೆಲವು ಪಟ್ಟಿಗಳಲ್ಲಿ ಪ್ರೇಕ್ಷಕರಿಗೆ ಕೇಳಿಸದ ಸಂಕೇತದ ಸದ್ದು ಇರುತ್ತಿತ್ತು. ಆ ಸದ್ದು ಸ್ವಿಚ್ಚನ್ನು ಮುಟ್ಟಿದಾಗ ಹಕ್ಕಿಯ ಕೊಕ್ಕು ತೆರೆಯುತ್ತಿತ್ತು. ಶಬ್ದವೇ ಚಲನೆಗೆ ಅಪ್ಪಣೆ ಕೊಡುವ ಈ ಪದ್ಧತಿಗೆ ಡಿಸ್ನಿ ಸಂಸ್ಥೆಯವರು ಆಡಿಯೋ-ಆನಿಮೆಟ್ರಾನಿಕ್ಸ್ ಎಂದು ಹೆಸರಿಟ್ಟರು. ಆರ್ಗನ್ನಿನ ರಟ್ಟಿನಲ್ಲಿ ಬೊಂಬೆಗೆ ಮೀಸಲಾಗಿದ್ದ ಸಾಲು ಹೊಸ ರೂಪದಲ್ಲಿ ಮರಳಿತ್ತು. 1977ರಲ್ಲಿ ಅಟಾರಿ ಕಂಪನಿಯ ಸ್ಥಾಪಕ ನೋಲನ್ ಬುಶ್ನೆಲ್ ಸ್ಯಾನ್ ಹೋಸೆಯಲ್ಲಿ ತೆರೆದ ಪಿಜ್ಜಾ ಅಂಗಡಿಯಲ್ಲಿ ಹಾಡುವ ಪ್ರಾಣಿಗೊಂಬೆಗಳೇ ಮುಖ್ಯ ಆಕರ್ಷಣೆಯಾದವು.

ಕ್ಯಾಸೆಟ್ಟಿನ ಎರಡು ಪಟ್ಟಿ

ಉದ್ಯಾನ, ಹೋಟೆಲುಗಳ ಈ ವಿದ್ಯೆ ಮಗುವಿನ ಮಡಿಲಿಗೆ ಬಂದದ್ದು 1985ರಲ್ಲಿ, ‘ಟೆಡ್ಡಿ ರಕ್ಸ್‌ಪಿನ್’ ಎಂಬ ಕರಡಿಯ ರೂಪದಲ್ಲಿ. ಅದನ್ನು ರೂಪಿಸಿದ ಕೆನ್ ಫೋರ್ಸ್ ಹಿಂದೆ ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದವನು. ಮಾಮೂಲಿ ಸ್ಟೀರಿಯೋ ಕ್ಯಾಸೆಟ್ಟಿನಲ್ಲಿ ಎಡ ಬಲ ಎಂದು ಎರಡು ಪಟ್ಟಿಗಳಿರುತ್ತವೆ. ಈ ಕರಡಿಯ ಕ್ಯಾಸೆಟ್ಟಿನಲ್ಲಿ ಒಂದು ಪಟ್ಟಿಗೆ ಕಥೆ ಮತ್ತು ಹಾಡು, ಇನ್ನೊಂದಕ್ಕೆ ಕಣ್ಣು ಬಾಯಿಗಳ ಮೋಟಾರುಗಳಿಗೆ ಹೋಗುವ ಸಂಕೇತಗಳು. ಒಂದೇ ಟೇಪಿನ ಮೇಲೆ ಅಕ್ಕಪಕ್ಕದಲ್ಲೇ ಬರೆದಿದ್ದರಿಂದ ಟೇಪು ಎಳೆದಾಡಿದರೂ ಮಾತಿಗೂ ಬಾಯಿಗೂ ಅಂತರ ಬೀಳುತ್ತಿರಲಿಲ್ಲ. ಕ್ಯಾಸೆಟ್ ಬದಲಿಸಿದರೆ ಹೊಸ ಹಾಡಿನ ಜೊತೆ ಹೊಸ ಚಲನೆಯೂ ಬರುತ್ತಿತ್ತು. ಗ್ರಾಮಫೋನ್ ಗೊಂಬೆಗೆ ಎಲ್ಲ ಹಾಡಿಗೂ ಒಂದೇ ಕುಣಿತ ಇತ್ತು, ಈ ಕರಡಿಗೆ ಪ್ರತಿ ಹಾಡಿಗೂ ಅದರದೇ ಅಭಿನಯ. ಆದರೆ ಬೇರೆ ಯಾವ ಕ್ಯಾಸೆಟ್ಟಿಗೂ ಅದು ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ತನಗಾಗಿ ಬರೆದ ಹಾಡಿನ ಹೊರಗೆ ಅದಕ್ಕೆ ಲಯವಿರಲಿಲ್ಲ.

ಕೇಳಿಸಿಕೊಳ್ಳುವ ಹೂ

ಈ ಕಟ್ಟನ್ನು ಮುರಿದದ್ದು ಜಪಾನಿನ ಟಕಾರ ಕಂಪನಿ 1988ರಲ್ಲಿ ಹೊರತಂದ ಪ್ಲಾಸ್ಟಿಕ್ ಹೂವು. ಕುಂಡದಲ್ಲಿ ನಿಂತು, ಕಪ್ಪು ಕನ್ನಡಕ ಹಾಕಿಕೊಂಡು, ವಾದ್ಯ ಹಿಡಿದಿರುವ ಆ ಹೂವಿನಲ್ಲಿ ಯಾವ ಹಾಡೂ ಇರಲಿಲ್ಲ. ಅದರೊಳಗೆ ಇದ್ದದ್ದು ಒಂದು ಸಣ್ಣ ಮೈಕು, ಸದ್ದನ್ನು ಹಿಗ್ಗಿಸುವ ಸರ್ಕೀಟು, ಬ್ಯಾಟರಿಯ ಮೋಟಾರು. ಹೊರಗಿನ ಸದ್ದು ಒಂದು ಮಟ್ಟ ಮೀರಿದಾಗ ಮೋಟಾರು ಓಡುತ್ತದೆ, ಕಾಂಡ ಬಳುಕುತ್ತದೆ. ಸದ್ದು ತಗ್ಗಿದರೆ ಹೂವು ನಿಲ್ಲುತ್ತದೆ. ರೇಡಿಯೋ, ಟೇಪ್ ರೆಕಾರ್ಡರ್, ಯಾವುದರ ಮುಂದಿಟ್ಟರೂ ಅದು ಕುಣಿಯಿತು. ಬೇಗನೆ ಜಪಾನಿನಾಚೆಗೂ ಹಬ್ಬಿತು. ಇದೇ ಯಂತ್ರ ತಂಪು ಪಾನೀಯದ ಡಬ್ಬಿಯ ವೇಷದಲ್ಲಿಯೂ ಬಂತು.

ಯಂತ್ರಗೊಂಬೆಗಳ ಇತಿಹಾಸದಲ್ಲಿ ಇದು ದೊಡ್ಡ ತಿರುವು. ಮನೆಮನೆಯ ಆಟಿಕೆಯೊಂದು ತನ್ನ ಯಂತ್ರದಿಂದ ಬೇರೆಯಾದ ಸಂಗೀತಕ್ಕೆ ಸ್ಪಂದಿಸತೊಡಗಿತು, ಹಾಡಿಗೂ ಗೊಂಬೆಗೂ ನಡುವೆ ಇದ್ದ ಅಚ್ಚು ಹಲ್ಲುಗಳ ನಂಟು ಕಡಿದು ಗಾಳಿಯೊಂದೇ ಉಳಿಯಿತು. ಆದರೂ ಹೂವು ಕೇಳುತ್ತಿದ್ದುದು ಸದ್ದಿನ ಏರಿಳಿತವನ್ನು ಮಾತ್ರ. ಡ್ರಮ್ಮಿನ ಪೆಟ್ಟು ಜೋರಾಗಿರುವ ಹಾಡಿನಲ್ಲಿ ಏರಿಳಿತವೇ ತಾಳವಾಗಿ ಕಾಣುವುದರಿಂದ ಅದು ತಾಳಕ್ಕೆ ಕುಣಿದಂತೆ ತೋರುತ್ತಿತ್ತು. ಚಪ್ಪಾಳೆ ತಟ್ಟಿದರೂ, ಬಾಗಿಲು ಬಡಿದರೂ ಅದು ಅಷ್ಟೇ ಉತ್ಸಾಹದಿಂದ ಬಳುಕುತ್ತಿತ್ತು.

ಚಿಪ್ಪಿನ ಕಾಲ

ಬೆಲೆ ಇಳಿದ ಚಿಪ್ಪುಗಳು 1990ರ ದಶಕದಲ್ಲಿ ಹಾಡನ್ನೂ ಚಲನೆಯ ಸೂಚನೆಗಳನ್ನೂ ಒಂದೇ ಉಗುರಗಲದ ಜಾಗದಲ್ಲಿ ಹಿಡಿದಿಟ್ಟವು. ಅಮೆರಿಕದ ಜೆಮ್ಮಿ ಕಂಪನಿಯ ‘ಬಿಗ್ ಮೌತ್ ಬಿಲ್ಲಿ ಬ್ಯಾಸ್’ ಈ ಬಗೆಯ ಆಟಿಕೆಗಳಲ್ಲಿ ಪ್ರಸಿದ್ಧ. ಗೋಡೆಯ ಹಲಗೆಗೆ ಅಂಟಿಸಿದ ಆ ರಬ್ಬರ್ ಮೀನು 2000ದ ಹೊತ್ತಿಗೆ ಅಮೆರಿಕದಲ್ಲಿ ಹುಚ್ಚು ಹಿಡಿಸಿತ್ತು. ಯಾರಾದರೂ ಹತ್ತಿರ ಸುಳಿದರೆ ಅಥವಾ ಗುಂಡಿ ಒತ್ತಿದರೆ ಅದು ತಲೆಯನ್ನು ನೋಡುವವರ ಕಡೆ ತಿರುಗಿಸಿ, ಬಾಲ ಬಡಿಯುತ್ತ ಹಾಡುತ್ತಿತ್ತು. ಇಲ್ಲಿ ಮತ್ತೆ ಹಳೆಯ ಪದ್ಧತಿಯೇ ಗೆದ್ದಿದೆ. ಮೊಳೆಯುರುಳೆಯ ಜಾಗದಲ್ಲಿ ಚಿಪ್ಪು ಕುಳಿತಿದೆ, ಹಾಡೂ ಕುಣಿತವೂ ಮತ್ತೆ ಒಂದೇ ಬರಹದ ಎರಡು ಓದುಗಳಾಗಿವೆ.

ಹಾಡನ್ನು ಅರಿತು ಕುಣಿಯುವ ಪ್ರಯತ್ನಗಳು ಇದರ ಜೊತೆಜೊತೆಗೇ ನಡೆದವು. ಸೋನಿ 2007ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಮೊಟ್ಟೆಯಾಕಾರದ ‘ರೋಲಿ’ ತನ್ನೊಳಗಿನ ಹಾಡನ್ನು ನುಡಿಸುತ್ತ ನೆಲದ ಮೇಲೆ ಉರುಳಿ, ಸುತ್ತಿ, ಎರಡು ರೆಕ್ಕೆಗಳನ್ನು ತೆರೆದು ಮುಚ್ಚುತ್ತಿತ್ತು. ಹಾಡಿಗೆ ತಕ್ಕ ಚಲನೆಗಳನ್ನು ಸಾಫ್ಟ್‌ವೇರ್ ರಚಿಸಿಕೊಡುತ್ತಿತ್ತು. ಜಪಾನಿನಲ್ಲಿ 2003ರಲ್ಲಿ ರೂಪುಗೊಂಡ ‘ಕೀಪಾನ್’ ಎಂಬ ಹಳದಿ ರಬ್ಬರಿನ ಪುಟ್ಟ ರೋಬೋಟು ಮಕ್ಕಳೊಡನೆ, ವಿಶೇಷವಾಗಿ ಆಟಿಸಂ ಇರುವ ಮಕ್ಕಳೊಡನೆ, ಒಡನಾಟದ ಅಧ್ಯಯನಕ್ಕೆಂದು ಮಾಡಿದ್ದು. ಅದು ಹಾಡಿನ ತಾಳವನ್ನು ಗುರುತಿಸಿ ತಲೆದೂಗುವ ವಿಡಿಯೋ 2007ರಲ್ಲಿ ಜಗತ್ತಿನಾದ್ಯಂತ ಹರಡಿತು. 2011ರಲ್ಲಿ ಅದರ ಅಗ್ಗದ ಆಟಿಕೆ ರೂಪವೂ ಮಾರುಕಟ್ಟೆಗೆ ಬಂತು. ಸದ್ದಿನ ಮಟ್ಟವನ್ನಷ್ಟೇ ಅರಿಯುವ ಹೂವಿಗೂ ಪೆಟ್ಟುಗಳ ನಡುವಿನ ಅಂತರವನ್ನು ಎಣಿಸಿ ಮುಂದಿನ ಪೆಟ್ಟನ್ನು ಕಾಯುವ ಯಂತ್ರಕ್ಕೂ ನಡುವೆ ಬಹಳ ದೂರವಿದೆ. ಸೂತ್ರಧಾರನ ಕಿವಿ ಮಾಡುತ್ತಿದ್ದ ಕೆಲಸವನ್ನು ಯಂತ್ರವೊಂದು ಕೈಗೆತ್ತಿಕೊಂಡದ್ದು ಇಲ್ಲಿ.

ಅಗ್ಗದ ಚಿಪ್ಪಿನ ಗೊಂಬೆಗಳು ಈಗ ದೇಶದೇಶಗಳ ಸಂತೆ ಜಾತ್ರೆಗಳಲ್ಲಿ ಸಿಗುತ್ತವೆ. 2020ರ ಬಳಿಕ ಎಲ್ಲೆಡೆ ಹಬ್ಬಿದ ಕುಣಿಯುವ ಕಳ್ಳಿಗಿಡ ಚಿಪ್ಪಿನಲ್ಲಿರುವ ಹಾಡಿಗೆ ಮೈ ತಿರುಚುತ್ತದೆ, ಎದುರಿನವರ ಮಾತನ್ನು ಮರಳಿ ಒಪ್ಪಿಸುತ್ತದೆ. ಈ ಹಾಡುಗಳನ್ನು ಯಾರು ಆರಿಸಿದರು, ಅವುಗಳ ಅರ್ಥವೇನು ಎಂಬುದು ಕೊಳ್ಳುವವರಿಗೆ ತಿಳಿದಿರುವುದಿಲ್ಲ. 2021ರಲ್ಲಿ ಕೆನಡಾದಲ್ಲಿ ಮಾರಾಟಕ್ಕಿದ್ದ ಇಂಥ ಒಂದು ಗಿಡ ಮಾದಕವಸ್ತುವಿನ ಬಗೆಗಿನ ಪೋಲಿಷ್ ಹಾಡನ್ನು ಹಾಡುತ್ತಿದೆಯೆಂದು ಆ ಭಾಷೆ ಬಲ್ಲವರು ಗುರುತಿಸಿದ ಮೇಲೆ ಅದನ್ನು ಅಂಗಡಿಯಿಂದ ತೆಗೆಯಬೇಕಾಯಿತು.

ಉಳಿದಿರುವುದು

ಕುಣಿಯುವ ಗೊಂಬೆಯನ್ನು ಕಾಪಿಡುವುದೆಂದರೆ ಮೈಯನ್ನೂ ಹಾಡನ್ನೂ ಜೊತೆಯಾಗಿ ಕಾಪಿಡುವುದು. ಈ ಕೆಲಸದಲ್ಲಿ ಹಳೆಯ ಗೊಂಬೆಗಳೇ ಹೆಚ್ಚು ಗಟ್ಟಿಯಾಗಿ ನಿಂತಿವೆ. ಜಾಕೆ-ದ್ರೋ ವಾದಕಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಸಂಗ್ರಹಾಲಯದಲ್ಲಿದ್ದಾಳೆ, ತಿಂಗಳ ಮೊದಲ ಭಾನುವಾರ ಇಂದಿಗೂ ಜನರ ಮುಂದೆ ನುಡಿಸುತ್ತಾಳೆ. ಹಿತ್ತಾಳೆ ಉಕ್ಕುಗಳಲ್ಲಿ ಬರೆದ ಸಂಗೀತ ಎರಡೂವರೆ ಶತಮಾನ ಬಾಳಿದೆ. ಎಡಿಸನ್ ಗೊಂಬೆಯ ಮೇಣದ ಉರುಳೆಗಳಿಗೆ ಮುಳ್ಳು ತಾಗಿಸಿದರೆ ಗೆರೆಗಳೇ ಅಳಿಸಿಹೋಗುವ ಭಯವಿತ್ತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ರೂಪಿಸಿದ ವಿಧಾನದಿಂದ ಆ ಗೆರೆಗಳನ್ನು ಮುಟ್ಟದೆ ಕೇವಲ ಬೆಳಕಿನಿಂದ ಓದಿ, 2015ರಲ್ಲಿ ಆ ದನಿಗಳನ್ನು ಜನರಿಗೆ ಕೇಳಿಸಲಾಯಿತು. ಕ್ಯಾಸೆಟ್ ಕರಡಿಗಳ ಟೇಪು, ರಬ್ಬರ್ ಪಟ್ಟಿಗಳು ಸವೆಯುತ್ತಿವೆ. ಆಸಕ್ತರು ಅವುಗಳ ಎರಡೂ ಪಟ್ಟಿಗಳನ್ನು ಕಂಪ್ಯೂಟರಿಗೆ ಇಳಿಸಿ ಉಳಿಸುತ್ತಿದ್ದಾರೆ, ಏಕೆಂದರೆ ಹಾಡಿನ ಪಟ್ಟಿಯೊಂದನ್ನೇ ಉಳಿಸಿಕೊಂಡರೆ ಕರಡಿ ಮೂಕಾಭಿನಯವನ್ನೂ ಮಾಡಲಾರದು. ಗ್ರಾಮಫೋನ್ ಗೊಂಬೆಗಳಿಗೆ ಮಾತ್ರ ಬೇಕಾದ್ದು ತೀರ ಕಡಿಮೆ. ರಾಸ್ಟಸ್, ಸಯಾಮ್ ಸೂ ಮತ್ತವರ ಓರಗೆಯವರಿಗೆ ತಮ್ಮದೇ ಆದ ಹಾಡೂ ಇಲ್ಲ, ಶಕ್ತಿಯೂ ಇಲ್ಲ. ಆ ಕಾಲದ ಒಂದು ಗ್ರಾಮಫೋನು, ಒಂದು 78ರ ತಟ್ಟೆ, ಕೀಲಿ ಕೊಡುವ ಒಂದು ಕೈ ಇದ್ದರೆ ಅವು ನೂರು ವರ್ಷದ ಹಿಂದಿನಂತೆಯೇ ಇಂದೂ ಕುಣಿಯುತ್ತವೆ.